ಹುಲ್ಲಿನ ಮನೆಗೆ ಒಂದು ಮುಯ್ಯಾಳು

“ಹೊಳೆ ನಡುವೆ ಹಳೇ ಕಾಲದ ಹುಲ್ಲಿನ ಮನೆ ಉಳಿಸಿಕೊಂಡಿದ್ದಾರಂತಲ್ಲ, ಅದಕ್ಕೆ ದಾರಿ ಯಾವುದು?” ಸಂಸೆ ಎಂಬ ಊರು ದಾಟಿ ದಾರಿ ತಪ್ಪಿದ ನಾನು, ಎಸ್ಟೇಟಿನ ಗೇಟಿನಲ್ಲಿ ಎಲೆಅಡಿಕೆ ಹಾಕುತ್ತಾ ಕೂತಿದ್ದ ಮೇಸ್ತ್ರಿಯನ್ನು ಕೇಳಿದೆ. ದೇಶವಿದೇಶ ಸುತ್ತಿದವಳು ನಾನು. ದಾರಿ ತಪ್ಪದೆ ತಲುಪಿದ ಊರು ಮಾತ್ರ ನೆನಪಿಲ್ಲ. ನಗೆಪ್ರಸಂಗಗಳು ನನಗೆ ಸಿಗುವುದೇ ಹೀಗೆ.

ಎಸಿ ಇಲ್ಲದ್ದು

“ಎಸಿ ಇರೋದೋ, ಇಲ್ಲದ್ದೋ?” ಅಂದ ಮೇಸ್ತ್ರಿ.

“ಹುಲ್ಲಿನ ಮನೆಗೆ ಎಸಿಯೇ?”

“ಹುಲ್ಲು ಹೊದಿಸಿದ್ದೆಲ್ಲ ಈಗ ರೆಸಾರ್ಟು ಮಾರಾಯ್ರೆ. ನಮ್ಮಂಥವರು ಶೀಟು ಹಾಕಿಸ್ಕೊಂಡ್ವಿ. ಎಸಿ ಇಲ್ಲದ್ದು ಒಂದೇ ಉಳಿದಿರೋದು. ಇಲ್ಲೇ ಕೆಳಗೆ.”

ಎರಡು ಗುಡ್ಡ ಹತ್ತಿ ಇಳಿದ ಮೇಲೆ ಆ ‘ಇಲ್ಲೇ’ ಸಿಕ್ಕಿತು.

ಬಾಗಿಲು

ತೆಪ್ಪದಲ್ಲಿ ದಾಟಿಸಿದ್ದು ಆ ಮನೆಯ ಅಮ್ಮನೇ. ಅಜ್ಜಂದಿರು ಕಟ್ಟಿದ ಮನೆಯನ್ನು ಹಾಗೇ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಾರೆ. ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ, ಕಿವಿ ಮುಚ್ಚುವಷ್ಟು ಇಳಿದ ಹುಲ್ಲಿನ ಮಾಡು.

“ತಲೆ ಬಗ್ಗಿಸಿ” ಅಂದರು.

ಜಪಾನಿನಲ್ಲಿ ಇದಕ್ಕಿಂತ ಗಿಡ್ಡ ಬಾಗಿಲು ನೋಡಿದ್ದೇನೆ ಎನ್ನುತ್ತಲೇ ನುಗ್ಗಿದೆ. ಹಣೆ ಡಬ್ ಎಂದಿತು.

ಅಮ್ಮ ಮೊದಲು ಬಾಗಿಲಿನ ಮರ ಸವರಿ ನೋಡಿದರು. ಅದಕ್ಕೇನೂ ಆಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಅಷ್ಟು ದೇಶ ತಿರುಗಿದ್ರಿ, ಬಗ್ಗೋದನ್ನ ಎಲ್ಲೂ ಕಲಿಸಲಿಲ್ವಾ?” ಅಂದರು.

ಹೂಂ ಅಂದವರು

ಅಕ್ಕಿರೊಟ್ಟಿ, ಏಡಿ ಸಾರು ಬಡಿಸಿದರು. ಪರ್ಸು ತೆಗೆದರೆ ಕೈ ಹಿಡಿದರು.

“ದುಡ್ಡು ಬೇಡ. ಈ ಸೂರಿನಡಿ ಉಂಡವರು ಬೇಸಿಗೆಯಲ್ಲಿ ಹುಲ್ಲು ಹೊದಿಸೋಕೆ ಒಂದು ದಿನ ಮುಯ್ಯಾಳು ಬರಬೇಕು. ಗದ್ದೆ ಕೆಲಸಕ್ಕೆ ಆಳಿಗೆ ಆಳು ಹೋಗ್ತೀವಲ್ಲ, ಹಾಗೆ.”

ಆಳು ಸಾಲದಿದ್ದರೆ ಈ ಸಲ ಶೀಟೇ ಹಾಕಿಸುವುದು ಅಂತ ಮಗ ಹಟ ಹಿಡಿದಿದ್ದನಂತೆ.

“ಖಂಡಿತ ಬರ್ತೀನಿ” ಅಂದೆ.

“ಎಲ್ಲರೂ ಹಾಗೇ ಅಂತಾರೆ. ಹೋದ ವರ್ಷ ಉಂಡವರು ಮೊಬೈಲಿಗೆ ಫೋಟೊ ಕಳಿಸಿದ್ರು, ಹಾರ್ಟು ಕಳಿಸಿದ್ರು. ಅದನ್ನ ಮಾಡಿಗೆ ಹೊದಿಸೋಕಾಗಲ್ಲ ಮಾರಾಯ್ರೆ.”

ಇಲ್ಲಿಯವರೇ

ಬೇಸಿಗೆಯಲ್ಲಿ ಹೋದೆ. ಹೊಳೆ ಇಳಿದಿತ್ತು, ಬಂಡೆ ಮೇಲೇ ದಾಟಿದೆ. ಮಗ ಶೀಟಿನ ಅಳತೆಗೆ ಟೇಪು ಹಿಡಿದು ಅಂಗಳದಲ್ಲಿ ಸಿದ್ಧವಾಗಿದ್ದ. ಮಾಡಿನ ಮೇಲೆ ಹುಲ್ಲು ಹೊದಿಸಲು ಒಂದು ಆಳು ಕಡಿಮೆ ಇತ್ತು. ನನ್ನ ತಲೆಗೆ ಟವೆಲ್ಲು ಸುತ್ತಿ, ಮೈಗೆ ಹಳೇ ಶರ್ಟು ತೊಡಿಸಿ ಏಣಿ ಹತ್ತಿಸಿದರು. ಮೇಲೆ ನೋಡಿದರೆ ಗೇಟಿನ ಮೇಸ್ತ್ರಿ! ಅವನೂ ಎಂದೋ ಉಂಡಿದ್ದನಂತೆ.

ಮಧ್ಯಾಹ್ನ ಕ್ಯಾಮೆರಾ ಹೊತ್ತ ಗಂಡಹೆಂಡತಿ ಬಂದರು. “ಇವರು ಇಲ್ಲಿಯವರೇ, ಮುಖದಲ್ಲೇ ಗೊತ್ತಾಗುತ್ತೆ” ಅಂತ ಹೆಂಡತಿಗೆ ಹೇಳಿ, ಆತ ನನ್ನತ್ತ ಕೂಗಿದ: “ಅಜ್ಜೀ, ಯಾವತ್ತಾದ್ರೂ ಈ ಹೊಳೆ ದಾಟಿ ಹೊರಗೆ ಹೋಗಿದ್ದೀರಾ?”

ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಉತ್ತರ ಕೊಟ್ಟ: “ಎಲ್ಲಿಗೆ ಹೋಗ್ತಾರೆ ಸಾರ್, ನಮ್ಮ ಗೇಟಿಂದ ಇಲ್ಲಿಗೇ ಇವರಿಗೆ ದಾರಿ ತಪ್ಪುತ್ತೆ.”

“ನೀವಿಬ್ರೂ ಊಟಕ್ಕೆ ಬನ್ನಿ” ಅಂತ ಅಮ್ಮ ಅವರನ್ನು ಅಕ್ಕರೆಯಿಂದ ಒಳಗೆ ಕರೆದರು. ಮುಂದಿನ ವರ್ಷಕ್ಕೆ ಎರಡಾಳು.

ಸಂಜೆ ಮಾಡಿನ ಮೇಲೆ ಹುಲ್ಲಿನ ಕೊನೆಯ ಕಂತೆ ಕೂತಿತು. ಮಗ ಟೇಪು ಸುತ್ತಿ ಜೇಬಿಗೆ ಹಾಕಿದ.

“ನನ್ನ ಮುಯ್ಯಿ ತೀರಿತಲ್ಲಮ್ಮ?”

“ತೀರಿತು, ತೀರಿತು. ಕೈಕಾಲು ತೊಳ್ಕೊಂಡು ಬನ್ನಿ, ಹೊಸ ಸೂರಿನಡಿ ಉಂಡು ಹೋಗಿ.”

ಒಳಗಿನಿಂದ ಏಡಿ ಸಾರಿನ ಘಮ ಬರುತ್ತಿತ್ತು. ಈ ಸಲ ತಲೆ ಬಗ್ಗಿಸಿಯೇ ಒಳಗೆ ಹೋದೆ.