ಹತ್ತನೆಯ ಜೊತೆ

ರಾತ್ರಿ ಹನ್ನೊಂದೂವರೆಗೆ ದಿಂಬಿನ ಕೆಳಗೆ ‘ಟಿಣ್’ ಎಂದಿತು.

ಬಹಳ ಚಿಕ್ಕ ಸದ್ದು. ಹಾಸ್ಟೆಲಿನಲ್ಲಿ ಬೇರೆ ಯಾರಿಗೂ ಅದು ಕೇಳಿಸುತ್ತಲೇ ಇರಲಿಲ್ಲ. ಆದರೆ ಚದುರಂಗ ಸಂಘದ ಕಾರ್ಯದರ್ಶಿಯ ಕಿವಿ ನಿದ್ದೆಯಲ್ಲೂ ಕೆಟ್ಟ ಸುದ್ದಿಗಾಗಿ ಕಾಯುವ ಕಿವಿ. ಅವಳು ಫೋನು ತೆಗೆದು ನೋಡಿದಳು.

‘ಅಕ್ಕಾ, ನಾನು ಈಜು ಸಂಘಕ್ಕೆ ಸೇರ್ಕೊಂಡೆ. ಅಲ್ಲಿ ಟೀ ಶರ್ಟು ಕೊಡ್ತಾರೆ. ಬೇಜಾರು ಮಾಡ್ಕೋಬೇಡಿ.’

ಕೊನೆಯಲ್ಲಿ ಒಂದು ನಗುವ ಮುಖ ಬೇರೆ.

ಅವಳು ಎದ್ದು ಕೂತು ಬೆರಳು ಮಡಚಿದಳು. ಸಂಘದಲ್ಲಿ ಹತ್ತು ಜನ ಇದ್ದರು. ಈಗ ಒಂಬತ್ತು. ನಾಳೆ ಸಂಜೆ ನಾಲ್ಕಕ್ಕೆ ಎಣಿಕೆ!

ಆ ಕಾಲೇಜಿನಲ್ಲಿ ಪರೀಕ್ಷೆಗೆ ಹೆದರದವರೂ ಎಣಿಕೆಗೆ ಹೆದರುತ್ತಿದ್ದರು. ಹಳೆ ಕಟ್ಟಡದ ಮೂರನೇ ಮಹಡಿಯಲ್ಲಿ ಸಂಘಕ್ಕೊಂದು ಕೋಣೆ. ಕನಿಷ್ಠ ಹತ್ತು ಸದಸ್ಯರಿಲ್ಲದ ಸಂಘ ಕೋಣೆ ಬಿಡಬೇಕು. ಬಿಟ್ಟ ಕೋಣೆ ಕಾಯುವ ಪಟ್ಟಿಯಲ್ಲಿ ಮೊದಲಿರುವ ಸಂಘಕ್ಕೆ ಹೋಗುತ್ತದೆ. ಈ ವರ್ಷ ಮೊದಲು ಇದ್ದದ್ದು ಡ್ರಮ್ ಸಂಘ. ಅವರು ಸೈಕಲ್ ಸ್ಟ್ಯಾಂಡಿನಲ್ಲಿ ಅಭ್ಯಾಸ ಮಾಡಿ ಮಾಡಿ, ಅಲ್ಲಿನ ಸೈಕಲ್ಲುಗಳ ಬೆಲ್ಲು ಈಗ ತಾನಾಗಿಯೇ ಹೊಡೆದುಕೊಳ್ಳುತ್ತಿತ್ತು.

ಎಣಿಸುವವರು ಸಂಘಗಳ ಉಸ್ತುವಾರಿಯ ಮೇಷ್ಟ್ರು. ಅವರು ಕೋಣೆಯ ಒಳಗೆ ಕಾಲಿಡುತ್ತಿರಲಿಲ್ಲ. ಹಿಂದೊಮ್ಮೆ ಇಟ್ಟಿದ್ದರು. ಆಗ ನಾಟಕ ಸಂಘದವರು ಅವರನ್ನು ಹೆಣದ ಪಾತ್ರಕ್ಕೆ ಮಲಗಿಸಿ ಮುಕ್ಕಾಲು ಗಂಟೆ ಏಳಲು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಅವರು ಎಣಿಸಿ ಮುಗಿಸಿದ್ದ ತಲೆಗಳು ಹಿಂದಿನ ಬಾಗಿಲಿನಿಂದ ನುಸುಳಿ ಮುಂದಿನ ಕೋಣೆಯಲ್ಲಿ ಕೂತಿದ್ದವು. ಅಂದಿನಿಂದ ಮೇಷ್ಟ್ರದು ಒಂದೇ ಸಿದ್ಧಾಂತ. “ತಲೆ ಓಡಾಡುತ್ತೆ. ಚಪ್ಪಲಿ ಬಿಟ್ಟಲ್ಲೇ ಇರುತ್ತೆ.” ಕೋಣೆಗಳಿಗೆಲ್ಲ ಕಾರ್ಪೆಟ್ ಹಾಸಿದ್ದರಿಂದ ಪಾದರಕ್ಷೆ ಬಾಗಿಲ ಹೊರಗೇ ಬಿಡಬೇಕಿತ್ತು. ಅವರು ಉದ್ದನೆಯ ಮರದ ಸ್ಕೇಲು ಹಿಡಿದು ಬಂದು ಅವನ್ನು ಎಣಿಸುತ್ತಿದ್ದರು. ರಿಜಿಸ್ಟರಿನಲ್ಲಿ ಹತ್ತು ಸಹಿ, ಬಾಗಿಲಲ್ಲಿ ಹತ್ತು ಜೊತೆ. ಎರಡೂ ತಾಳೆಯಾದರೆ ಸಂಘ ಉಳಿಯಿತು.

ಚದುರಂಗದ ಕೋಣೆ ಹೋದರೆ ಉಳಿದವರಿಗೆ ಅಷ್ಟೇನೂ ನಷ್ಟವಿರಲಿಲ್ಲ. ಅವಳಿಗಿತ್ತು. ಇಡೀ ಕಾಲೇಜಿನಲ್ಲಿ ನಾಲ್ಕು ಜನರ ನಡುವೆ ಕೂತೂ ಮಾತಾಡದೆ ಇರಬಹುದಾದ ಜಾಗ ಅದೊಂದೇ. ಎದುರಿಗೆ ಯಾರಾದರೂ ಬಂದರೆ ಎರಡು ಹೆಜ್ಜೆ ನೇರ ಹೋಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವ ಅವಳ ಅಭ್ಯಾಸ ನೋಡಿ ಗೆಳೆಯರು ಅವಳಿಗೆ ‘ಕುದುರೆ’ ಎಂದು ಹೆಸರಿಟ್ಟಿದ್ದರು. ಹೆಸರು ಚೆನ್ನಾಗಿಲ್ಲ ಎಂದು ಹೇಳಲು ಅವಳಿಗೆ ಆಗಿರಲಿಲ್ಲ. ಅವಳಿಗೆ ಯಾವುದಕ್ಕೂ ‘ಇಲ್ಲ’ ಎನ್ನಲು ಆಗುತ್ತಿರಲಿಲ್ಲ.

ಬೆಳಗ್ಗೆ ಹಲ್ಲುಜ್ಜುತ್ತಿದ್ದ ರೂಮ್‌ಮೇಟಿನ ಹಿಂದೆ ಹೋಗಿ ನಿಂತಳು. ರೂಮ್‌ಮೇಟು ನಾಟಕ ಸಂಘದ ನಿರ್ದೇಶಕಿ. ಪೇಸ್ಟು ಮುಗಿದದ್ದನ್ನೂ ಸಾವಿನ ಸುದ್ದಿಯಂತೆ ಹೇಳುವವಳು.

“ನಮ್ಮ ಸಂಘಕ್ಕೆ ಸೇರ್ಕೋತೀಯೇನೇ? ಒಂದು ಸಹಿ, ಒಂದು ಜೊತೆ ಚಪ್ಪಲಿ. ಸಂಜೆ ಅರ್ಧ ಗಂಟೆ ಸುಮ್ನೆ ಕೂತಿದ್ರೆ ಸಾಕು.”

“ಅಯ್ಯೋ, ಇದೇನು ದೊಡ್ಡ ವಿಷ್ಯ ಕಣೇ! ಖಂಡಿತ ಬರ್ತೀನಿ. ಆದ್ರೆ ನಮ್ಮ ನಾಟಕದಲ್ಲೂ ಒಬ್ರು ಕಮ್ಮಿ. ನೀನು ಅಲ್ಲಿ ಸೇರ್ಕೋ, ನಾನು ಇಲ್ಲಿ ಸೇರ್ಕೋತೀನಿ.”

“ನಂಗೆ ನಟನೆ ಬರಲ್ವಲ್ಲೇ.”

“ನಿನ್ನ ಯಾರು ಕೇಳಿದ್ರು? ನಿನ್ನ ಚಪ್ಪಲಿ ನಟಿಸುತ್ತೆ.”

ಸಹಿ ಆಯಿತು. ಆಗ ರೂಮ್‌ಮೇಟು ಬಾಯಿಯ ನೊರೆ ಒರೆಸಿಕೊಂಡು, “ಒಂದು ಸಣ್ಣ ತೊಂದ್ರೆ,” ಎಂದಳು. “ನಂದು ಇರೋದೇ ಎರಡು ಜೊತೆ. ಒಂದು ನಾಟಕಕ್ಕೆ. ಆ ಹಳದಿದನ್ನ ಪಕ್ಷಿವೀಕ್ಷಣೆಯವರಿಗೆ ಕೊಡ್ತೀನಿ ಅಂತ ಮಾತು ಕೊಟ್ಬಿಟ್ಟಿದ್ದೀನಿ. ನೀನು ಹೋಗಿ ಬಿಡಿಸ್ಕೊಂಡು ಬಾ.”

ಪಕ್ಷಿವೀಕ್ಷಣಾ ಸಂಘದ ಅಧ್ಯಕ್ಷ ಕ್ಯಾಂಟೀನಿನಲ್ಲಿ ಚಹಾ ಕೇಳುವಾಗಲೂ ಪಿಸುಗುಟ್ಟುವವನು. ಅವನಿಗೆ ಒಮ್ಮೆಯೂ ಸಕ್ಕರೆ ಸರಿಯಾಗಿ ಬಿದ್ದಿರಲಿಲ್ಲ. ಕುದುರೆಯ ಮಾತು ಕೇಳಿ ಅವನು ದುರ್ಬೀನು ಕೆಳಗಿಳಿಸಿದ.

“ಹಳದಿ ಬಿಟ್ಟುಕೊಡ್ತೀನಿ,” ಪಿಸುಗುಟ್ಟಿದ. “ಬದಲಿಗೆ ಒಂದು ಜೊತೆ ಬೇಕು. ನಿಂದೇ ಆಗ್ಬಹುದು. ಜೋರಾಗಿ ಮಾತಾಡ್ಬೇಡ.”

“ನಾನು ಮಾತೇ ಆಡಿಲ್ಲ.”

“ಅದಕ್ಕೇ ನಿನ್ನ ತಗೋತಿರೋದು.”

ಸಹಿ ಹಾಕಿಸಿಕೊಂಡು ಅವಳ ಕೈಗೆ ಗುಬ್ಬಚ್ಚಿಯ ಚಿತ್ರವಿದ್ದ ಬಿಲ್ಲೆ ಕೊಟ್ಟ. ಅದನ್ನು ತೆಗೆದುಕೊಂಡು ತಿರುಗುವಷ್ಟರಲ್ಲಿ ಚರ್ಚಾ ಸಂಘದ ಅಧ್ಯಕ್ಷೆ ದಾರಿಗಡ್ಡ ನಿಂತಿದ್ದಳು. ಅವಳ ಕಿವಿಗೆ ಪಿಸುಮಾತು ಬಿದ್ದಷ್ಟು ಬೇಗ ಪಾಠ ಬೀಳುತ್ತಿರಲಿಲ್ಲ.

“ನಾಟಕಕ್ಕೆ ಸೇರಿದೆ. ಪಕ್ಷಿಗೆ ಸೇರಿದೆ. ಚರ್ಚೆಗೆ ಯಾಕೆ ಸೇರಬಾರದು? ಮೂರು ಕಾರಣ ಕೊಡು ನೋಡೋಣ.”

ಕುದುರೆ ಕೈಯಲ್ಲಿದ್ದ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡಳು.

“ಒಂದಾದ್ರೂ ಕೊಡು.”

ಸಹಿ ಹಾಕಿದಳು. ಪೆನ್ನು ಕೂಡ ಅವಳದೇ. ಅದು ವಾಪಸು ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳಿಗೆ ತಲೆ ಸುತ್ತುತ್ತಿತ್ತು. ಆದರೂ ಲೆಕ್ಕ ಸರಿಯಾಗಿತ್ತು. ಹಳೆಯ ಒಂಬತ್ತು ಜನ, ರೂಮ್‌ಮೇಟು ಒಬ್ಬಳು, ಹತ್ತು. ಮೆಟ್ಟಿಲ ಮೇಲೆ ಕೂತು ಆ ಹತ್ತನ್ನು ಮೂರನೇ ಸಲ ಎಣಿಸುತ್ತಿದ್ದಾಗ ಒಂದು ಭಾರಿ ನೆರಳು ಬಿತ್ತು. ಡ್ರಮ್ ಸಂಘದ ನಾಯಕ. ಆಳು ಬೀರುವಿನಷ್ಟು ದಪ್ಪ, ದನಿ ಮಾತ್ರ ಬೀರುವಿನೊಳಗೆ ಮರೆತುಬಿಟ್ಟ ಗಡಿಯಾರದಷ್ಟು ಮೆಲ್ಲಗೆ.

“ನೀವು ಎಲ್ಲರಿಗೂ ಸಹಾಯ ಮಾಡ್ತಿದ್ದೀರಂತೆ. ನಮ್ಮಲ್ಲೂ ಒಂಬತ್ತೇ ಜನ. ಹತ್ತಿಲ್ಲ ಅಂದ್ರೆ ಪಟ್ಟಿಯಿಂದಾನೇ ತೆಗೆದುಹಾಕ್ತಾರೆ. ನೀವು ಆಗಲ್ಲ ಅಂತೀರ, ಗೊತ್ತು. ನಾನೇ ನಿಮ್ಮ ಜಾಗದಲ್ಲಿದ್ರೂ ಆಗಲ್ಲ ಅಂತಿದ್ದೆ. ಸುಮ್ನೆ ಕೇಳಿದೆ, ಪರವಾಗಿಲ್ಲ ಬಿಡಿ.”

ಗದರಿಸಿ ಕೇಳಿದ್ದರೆ ಅವಳು ಹೆದರಿ ಒಪ್ಪುತ್ತಿದ್ದಳು. ಇಷ್ಟು ಮೆಲ್ಲಗೆ ಕೇಳಿದ್ದರಿಂದ ನಾಚಿ ಒಪ್ಪಿದಳು. ಯೋಚಿಸಿಯೇ ಒಪ್ಪಿದಳು ಎಂದೂ ಹೇಳಬೇಕು. ನಮ್ಮ ಹತ್ತು ತುಂಬಿದೆ, ಇವರು ಪಟ್ಟಿಯಲ್ಲಿ ಉಳಿದರೆ ನಮಗೇನು ನಷ್ಟ? ಪಾಪ.

ಮೂರೂವರೆಗೆ ಹಾಸ್ಟೆಲಿಗೆ ಓಡಿ ಮಂಚದ ಕೆಳಗೆ ತೂರಿದಳು. ಅಕ್ಕನ ಮದುವೆಗೆಂದು ಕೊಂಡಿದ್ದ ಎತ್ತರದ ಹಿಮ್ಮಡಿಯ ಜೊತೆ ನಾಟಕಕ್ಕೆ. ಓಟದ ಬೂಟು ಪಕ್ಷಿಗೆ. ಬಚ್ಚಲಿನ ರಬ್ಬರ್ ಚಪ್ಪಲಿ, ಇನ್ನೂ ನೀರು ಸೋರುತ್ತಿತ್ತು, ಚರ್ಚೆಗೆ. ಮೂರನ್ನೂ ಎದೆಗವಚಿಕೊಂಡು ಓಡುವಾಗ ಕಾಲಲ್ಲಿದ್ದ ಕಂದು ಚಪ್ಪಲಿಯ ಎಡ ಪಟ್ಟಿ ಪಟಕ್ಕೆಂದು ಕಿತ್ತಿತು. ಜೇಬಿನಲ್ಲಿದ್ದ ಗುಬ್ಬಚ್ಚಿಯ ಬಿಲ್ಲೆ ನೆನಪಾಯಿತು. ಅದರ ಪಿನ್ನನ್ನು ಪಟ್ಟಿಗೆ ಚುಚ್ಚಿ ಕುಂಟುತ್ತಾ ಮೂರನೇ ಮಹಡಿ ಹತ್ತಿದಳು.

ಅಲ್ಲಿ ಜಾತ್ರೆಯೇ ನೆರೆದಿತ್ತು. ಎಲ್ಲರ ಕಂಕುಳಲ್ಲೂ ಬೂಟು. ಎಲ್ಲರೂ ಎಲ್ಲ ಬಾಗಿಲಿಗೂ ಓಡುತ್ತಿದ್ದರು. ನಾಟಕದ ಬಾಗಿಲಲ್ಲಿ ಅವಳು ಹಿಮ್ಮಡಿಯ ಜೊತೆ ಇಟ್ಟಳೋ ಇಲ್ಲವೋ, ಒಳಗಿಂದ ಒಂದು ಕೈ ಬಂದು ಅದನ್ನು ಎಳೆಯಿತು. “ರಾಣಿಗೆ ಸರಿಯಾಗಿದೆ!” ಎಂದು ಯಾರೋ ಕೂಗಿದರು. ರಾಣಿ ಮೀಸೆ ಬಿಟ್ಟ ಹುಡುಗ. ಹಗ್ಗ ಜಗ್ಗಿದಂತೆ ಜಗ್ಗಿ ಅವಳು ಅವನ ಕಾಲಿಂದ ಅದನ್ನು ಬಿಡಿಸಿ ಹೊರಗಿಟ್ಟಳು. ಪಕ್ಷಿಯವರ ಬಾಗಿಲಲ್ಲಿ ಬೂಟು ಬಿಟ್ಟಳು. ಚರ್ಚೆಯವರ ಬಾಗಿಲಲ್ಲಿ ರಬ್ಬರ್ ಚಪ್ಪಲಿ. ಮೊಗಸಾಲೆಯ ತುದಿಯ ಸ್ಟೋರ್ ರೂಮಿನಲ್ಲಿ ಡ್ರಮ್ಮಿನವರು ಎಣಿಕೆಗಾಗಿ ಕಾದು ಕೂತಿದ್ದರು. ಮೆಟ್ಟಿಲ ಕಡೆಯಿಂದ ಸ್ಕೇಲಿನ ಟಕಟಕ ಕೇಳಿಸಿತು. ಅವಳು ಕಾಲಲ್ಲಿದ್ದದ್ದನ್ನು ಅಲ್ಲೇ ಒದರಿ ತನ್ನ ಸಂಘದ ಕೋಣೆಗೆ ಹಾರಿದಳು. ಇಷ್ಟು ಹಗುರವಾಗಿ ಅವಳು ಜೀವನದಲ್ಲೇ ಓಡಿರಲಿಲ್ಲ.

ಒಳಗೆ ಎಲ್ಲರೂ ಬಂದಿದ್ದರು. ಸಂಘದ ಅಧ್ಯಕ್ಷ, ಗಣಿತದ ಕೊನೆಯ ವರ್ಷದವನು, ತಲೆ ಎಣಿಸಿದ. “ಹತ್ತು. ಶಭಾಷ್ ಕುದುರೆ!”

ರೂಮ್‌ಮೇಟು ಆನೆಯನ್ನು ಕೈಯಲ್ಲಿ ಹಿಡಿದು, “ಇದು ಹಾರುತ್ತಾ?” ಎಂದು ಕೇಳುತ್ತಿದ್ದಳು.

ಹೊರಗೆ ಮೇಷ್ಟ್ರ ದನಿ ಹತ್ತಿರವಾಯಿತು. ನಾಟಕ, ಹತ್ತು. ಪಕ್ಷಿ, ಹತ್ತು. ಚರ್ಚೆ, ಹತ್ತು. “ಇಲ್ಲೊಂದು ಜೊತೆ ಒದ್ದೆ ಇದೆಯಲ್ಲ. ಅಷ್ಟು ಬೆವರೋ ಹಾಗೆ ಏನು ಚರ್ಚೆ ಮಾಡಿದಿರಿ?” ಆಮೇಲೆ ಇವರ ಬಾಗಿಲು. ಸ್ಕೇಲು ಒಂದೊಂದನ್ನೇ ಮುಟ್ಟಿತು. ನಿಂತಿತು. ಮತ್ತೆ ಮೊದಲಿಂದ ಮುಟ್ಟಿತು.

“ಒಂಬತ್ತು.”

ಅಧ್ಯಕ್ಷ ಕುರ್ಚಿ ಬೀಳಿಸಿಕೊಂಡು ಎದ್ದ. “ಸರ್, ಹತ್ತು ಸಹಿ ಇದೆ!”

“ಸಹಿ ಹತ್ತು, ಜೊತೆ ಒಂಬತ್ತು. ಒಬ್ಬರು ಹಾರ್ಕೊಂಡು ಬಂದ್ರೇನಪ್ಪಾ?”

“ಒಳಗೆ ಬಂದು ತಲೆ ಎಣಿಸಿ ಸರ್, ದಯವಿಟ್ಟು.”

“ಒಳಗೆ ಬರೋದು ಬಿಟ್ಟು ಆರು ವರ್ಷ ಆಯ್ತು,” ಎಂದು ಮೇಷ್ಟ್ರು ಮುಂದೆ ನಡೆದರು.

ಕುದುರೆ ರೂಮ್‌ಮೇಟಿನ ತೋಳು ಹಿಡಿದಳು. “ನಿಂದು ಇಟ್ಟೆ ತಾನೇ?”

“ಇಟ್ಟಿದ್ದೀನಿ ಕಣೇ! ಹಳದಿ! ಕುರುಡರಿಗೂ ಕಾಣುತ್ತೆ!”

“ಹಾಗಾದ್ರೆ ಯಾರದು ಇಲ್ಲ?” ಎಂದು ಅವಳು ಸಿಟ್ಟಿನಿಂದ ಎಲ್ಲರ ಮುಖ ನೋಡಿದಳು. ಅವಳು ಸಿಟ್ಟು ಮಾಡಿಕೊಂಡದ್ದನ್ನು ಸಂಘ ನೋಡಿದ್ದು ಅದೇ ಮೊದಲು. “ದಿನವೆಲ್ಲಾ ಓಡಾಡಿದ್ದೀನಿ. ಯಾರು ಹೀಗೆ ಮಾಡಿದ್ದು?”

ಆಗ ಸ್ಟೋರ್ ರೂಮಿನ ಕಡೆಯಿಂದ ಮೇಷ್ಟ್ರ ದನಿ ಸ್ಪಷ್ಟವಾಗಿ ಬಂತು. “ಎಂಟು, ಒಂಬತ್ತು, ಹತ್ತು. ಭಲೇ! ಈ ಹತ್ತನೇದರ ಮೇಲೆ ಗುಬ್ಬಚ್ಚಿ ಬೇರೆ ಕೂತಿದೆ. ಸರಿ, ಡ್ರಮ್ಮಿನವರು ಇವತ್ತೇ ಆ ಚದುರಂಗದ ಕೋಣೆಗೆ ಹೋಗಿ.”

ಅವಳ ಕೈ ರೂಮ್‌ಮೇಟಿನ ತೋಳಿನಿಂದ ಮೆಲ್ಲಗೆ ಜಾರಿತು. ಅವಳು ಕುರ್ಚಿಯ ಮೇಲೆ ಕೂತು ಎರಡೂ ಪಾದಗಳನ್ನು ಒಳಕ್ಕೆಳೆದುಕೊಂಡಳು. ಒಳಗೆ ಎಲ್ಲರದೂ ಬರಿಗಾಲೇ. ಆದರೂ ತನ್ನ ಪಾದಗಳು ಮಾತ್ರ ಬೇರೆಯವರದಕ್ಕಿಂತ ಹೆಚ್ಚು ಬರಿದಾಗಿ ಕಾಣುತ್ತಿವೆ ಎಂದು ಅವಳಿಗೆ ಅನ್ನಿಸಿತು.

“ಇದು ದ್ರೋಹ,” ಎಂದ ಅಧ್ಯಕ್ಷ. “ನಮ್ಮಲ್ಲೇ ಒಬ್ಬರು ಬೇಕಂತಲೇ ಜೊತೆ ಇಟ್ಟಿಲ್ಲ. ತನಿಖೆ ಆಗ್ಲೇಬೇಕು. ಕುದುರೆ, ನೀನೇ ಮಾಡು. ನಿನ್ನಷ್ಟು ನಂಬಿಕಸ್ಥರು ಇಲ್ಲಿ ಬೇರೆ ಯಾರಿದ್ದಾರೆ?”

ಎಲ್ಲರೂ ಚಪ್ಪಾಳೆ ತಟ್ಟಿದರು. ‘ಇಲ್ಲ’ ಎನ್ನಲು ಅವಳಿಗೆ ಆಗಲಿಲ್ಲ.

“ನೀವು ಹೋಗಿ, ನಾನು ಕಾಯಿಗಳನ್ನ ಪೆಟ್ಟಿಗೆಗೆ ತುಂಬಿ ಬರ್ತೀನಿ,” ಎಂದಳು. ಒಬ್ಬರ ಮೇಲೊಬ್ಬರು ಸಂಶಯದ ಕಣ್ಣು ಹಾಯಿಸುತ್ತಾ ಎಲ್ಲರೂ ತಮ್ಮ ತಮ್ಮ ಜೊತೆ ಮೆಟ್ಟಿ ಹೊರಟರು. ಬಾಗಿಲಲ್ಲಿ ಏನೂ ಉಳಿಯಲಿಲ್ಲ ಎಂಬುದನ್ನು ಯಾರೂ ತಿರುಗಿ ನೋಡಲಿಲ್ಲ.

ಐದು ನಿಮಿಷದಲ್ಲಿ ಡ್ರಮ್ಮುಗಳು ಒಂದೊಂದಾಗಿ ಒಳಗೆ ಉರುಳಿದವು. ಕೊನೆಗೆ ನಾಯಕ ಬಂದ. ಕೈಯಲ್ಲಿ ಕಂದು ಚಪ್ಪಲಿ ಹಿಡಿದಿದ್ದ, ಬಹುಮಾನ ಕೊಡಲು ಬಂದವನ ಹಾಗೆ. ಅವಳ ಕಾಲ ಬಳಿ ಇಟ್ಟ.

“ನಿಮ್ಮಿಂದಲೇ ಈ ಕೋಣೆ ಸಿಕ್ಕಿದ್ದು. ಮರೆಯಲ್ಲ.” ಆಮೇಲೆ ಇನ್ನೂ ಮೆಲ್ಲಗೆ, “ನೀವು ಈಗ ನಮ್ಮ ಸದಸ್ಯೆ ಅಲ್ವಾ? ನಾಳೆಯಿಂದ ದಿನಾ ಸಂಜೆ ಅಭ್ಯಾಸ. ಇಲ್ಲೇ. ನಿಮಗೆ ದೊಡ್ಡ ಡ್ರಮ್ ಇಟ್ಟಿದ್ದೀವಿ.”

ಅವಳು ತಲೆಯಾಡಿಸಿದಳು. ಆನೆ, ಮಂತ್ರಿ, ಕಾಲಾಳುಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಡ್ರಮ್ಮಿನವನ ಹತ್ತಿರ ಒಂದು ಪೆನ್ನು ಎರವಲು ತೆಗೆದುಕೊಂಡು ಸಂಘದ ರಿಜಿಸ್ಟರು ತೆರೆದು, ದುಂಡಗಿನ ಅಕ್ಷರದಲ್ಲಿ ಬರೆದಳು: ‘ತನಿಖೆ ನಡೆಯುತ್ತಿದೆ. ಸುಳಿವು ಸಿಕ್ಕಿಲ್ಲ.’

ಬರೆದದ್ದನ್ನು ಎರಡು ಸಲ ಓದಿದಳು. ಬಗ್ಗಿ ಪಟ್ಟಿಯಿಂದ ಗುಬ್ಬಚ್ಚಿಯನ್ನು ಬಿಚ್ಚಿ ಜೇಬಿನ ಆಳಕ್ಕೆ ತಳ್ಳಿದಳು. ಅಧ್ಯಕ್ಷನಿಗಿಲ್ಲ, ರೂಮ್‌ಮೇಟಿಗಿಲ್ಲ, ಮನೆಗೆ ಹೋದಾಗ ಅಮ್ಮನಿಗೂ ಇಲ್ಲ. ಇದನ್ನು ಯಾರಿಗೂ ಹೇಳಬಾರದು ಎಂದು ಅಲ್ಲೇ ನಿರ್ಧರಿಸಿ, ಕಿತ್ತ ಚಪ್ಪಲಿ ಎಳೆಯುತ್ತಾ ಎರಡು ಹೆಜ್ಜೆ ನೇರ ಹೋಗಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.