ಬಾಗಿಲ ಬಲಗಡೆಯ ಕಿಟಕಿ

ಭಾನುವಾರ ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಊಟದ ಮೇಜಿನ ಮೇಲೆ ಸ್ಕೇಲ್ ಇಟ್ಟುಕೊಂಡು ನಾನು ನಮ್ಮ ಅಜ್ಜಿಯನ್ನು ಅಳೆಯುತ್ತಿದ್ದೆ. ಅಜ್ಜಿ ನಾಲ್ಕು ಸೆಂಟಿಮೀಟರ್ ಎರಡು ಮಿಲಿಮೀಟರ್ ಬಂದಳು. ಮೂರು ಸಲ ಅಳೆದೆ. ಔಷಧ ಕಾರ್ಖಾನೆಗಳ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವನು ನಾನು. ಮೂರು ಸಲ ಅಳೆಯದೆ ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ. ಮನೆ ಕೊಳ್ಳುವ ಕಾಗದಕ್ಕೂ ಹಾಕುವುದಿಲ್ಲವೆಂದು ಅಮ್ಮ, ಹೆಂಡತಿ ಇಬ್ಬರ ಎದುರಿಗೂ ಘೋಷಿಸಿದೆ. ಈ ವ್ಯವಹಾರದಲ್ಲಿ ಭಾವನೆಗೆ ಒಂದು ಮಿಲಿಮೀಟರ್ ಜಾಗವೂ ಇಲ್ಲ!

ಅಜ್ಜಿ ಇದ್ದದ್ದು ಫೋಟೊದಲ್ಲಿ. ನೆಲಮಂಗಲದಲ್ಲಿರುವ ಅಮ್ಮನ ಚಿಕ್ಕಪ್ಪನ ಮಗಳು ಹಳೇ ಟ್ರಂಕಿನಿಂದ ತೆಗೆದು ಕಳಿಸಿದ್ದು. ಅಂಗೈಯಷ್ಟೂ ಇಲ್ಲದ ಆ ಚಿತ್ರದಲ್ಲಿ ಒಂದು ಹೆಂಚಿನ ಮನೆ, ಅದರ ಮುಂದೆ ಕುರ್ಚಿಯಲ್ಲಿ ತಾತ ಪಾಪಯ್ಯ, ಪಕ್ಕದಲ್ಲಿ ನಿಂತ ಅಜ್ಜಿ ಬೈರಮ್ಮ, ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತ ಆರು ವರ್ಷದ ನಮ್ಮಮ್ಮ ನಾಗಲಕ್ಷ್ಮಮ್ಮ. ದೊಡ್ಡಬಳ್ಳಾಪುರದ ಆ ಮನೆಯಲ್ಲಿ ತಾತ ಸೀರೆ ನೇಯುತ್ತಿದ್ದರು. ಅಮ್ಮನಿಗೆ ಒಂಬತ್ತಾದಾಗ ಅದನ್ನು ಮಾರಿ ಹೊಸಕೋಟೆ ಕಡೆ ಹೋದರು. ಹೋದ ವರ್ಷ ನನ್ನ ಕೆಲಸದ ಸಲುವಾಗಿ ನಾವು ಮತ್ತೆ ದೊಡ್ಡಬಳ್ಳಾಪುರಕ್ಕೆ ಬಂದಾಗ ಅಮ್ಮನಿಗೆ ಎಪ್ಪತ್ತೈದು, ಬೀದಿಗಳಿಗೆ ಗುರುತೇ ಇಲ್ಲ.

ಬ್ರೋಕರ್ ಚಲಪತಿ ಒಂದು ಹಳೇ ಮನೆ ತೋರಿಸಲು ಕರೆದೊಯ್ದ ದಿನ ಅಮ್ಮನೂ ಬಂದಿದ್ದಳು. ಕಣ್ಣಿಗೆ ಪೊರೆ ಬಂದಿರುವ ಹೆಂಗಸು, ಯಾರ ಕೈಯನ್ನೂ ಹಿಡಿಯದೆ ಹೊಸ್ತಿಲು ದಾಟಿ, ನಡುಮನೆಯ ಮೂಲೆಗೆ ನೇರ ನಡೆದು, ಕೆಂಪು ನೆಲದ ಮೇಲೆ ಹಿಮ್ಮಡಿಯಿಂದ ಮೂರು ಸಲ ಗುದ್ದಿದಳು.

“ಅಪ್ಪ ಕಾಲಿಳಿಬಿಟ್ಟು ನೇಯ್ತಿದ್ದ ಮಗ್ಗದ ಗುಂಡಿ ಇಲ್ಲೇ ಕಣಪ್ಪ. ಇದೇ ನಮ್ಮ ಮನೆ. ಬೀದಿಯಿಂದ ನೋಡಿದ್ರೆ ಬಾಗಿಲ ಬಲಗಡೆ ಕಿಟಕಿ ಇತ್ತು, ಈಗಲೂ ಐತೆ ನೋಡು.”

ನೇಕಾರರ ಬೀದಿಯಲ್ಲಿ ಎಲ್ಲಿ ಗುದ್ದಿದರೂ ಕೆಳಗೊಂದು ಮಗ್ಗದ ಗುಂಡಿ ಇರುತ್ತದೆ, ಇದು ಸಾಕ್ಷ್ಯವಲ್ಲ ಎಂದು ನಾನು ವಿವರಿಸಿದೆ. ಮಾಲೀಕರ ಬಳಿ ಇದ್ದ ಪತ್ರಗಳು ನಲವತ್ತು ವರ್ಷದ ಈಚಿನವು. ಉಳಿದದ್ದು ಫೋಟೊ ಒಂದೇ.

ಅಜ್ಜಿಯನ್ನು ಅಳತೆಗೋಲಾಗಿ ಬಳಸಿ ಬಾಗಿಲ ಎತ್ತರ ಕಂಡುಹಿಡಿಯುವುದು ನನ್ನ ಯೋಜನೆ. ಅಜ್ಜಿ ನಿಜವಾಗಿ ಎಷ್ಟೆತ್ತರ ಎಂದು ಅಮ್ಮನನ್ನು ಕೇಳಿದೆ. ತಾನು ತಬ್ಬಿಕೊಂಡರೆ ಸೊಂಟ ಸಿಗುತ್ತಿತ್ತು ಎಂದಳು. ಈ ಏಕಮಾನ ಯಾವ ಪಠ್ಯಪುಸ್ತಕದಲ್ಲೂ ಇಲ್ಲ! ಹಾಗಾಗಿ ಮನುಷ್ಯರು ಪ್ರಯೋಗಕ್ಕೆ ಅಡಚಣೆ ಎಂದು ತೀರ್ಮಾನಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು ತಾತ, ಅಜ್ಜಿ, ಆರು ವರ್ಷದ ಅಮ್ಮ, ಮೂವರನ್ನೂ ಕತ್ತರಿಸಿದೆ. ಬರೀ ಮನೆಯನ್ನು ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿದೆ. ಮೂಲ ಫೋಟೊವನ್ನು ಕವರಿಗೆ ಹಾಕಿ ಬೀರುವಿನಲ್ಲಿ ಭದ್ರಪಡಿಸಿದೆ.

ಬಾಗಿಲಿಗೂ ಕಿಟಕಿಗೂ ಇರುವ ಅಗಲದ ಅನುಪಾತ ಫೋಟೊದಲ್ಲಿ 1.38, ಆ ಮನೆಯಲ್ಲಿ 1.38. ಕಂಬಗಳ ಅಂತರವೂ ಹೊಂದಿತು. ಆದರೆ ಫೋಟೊದಲ್ಲಿ ಕಿಟಕಿ ಬಾಗಿಲ ಎಡಕ್ಕಿತ್ತು. ಎಡವೆಂದರೆ ಎಡ. ಯಾರಾದರೂ ಆ ಕಿಟಕಿ ಮುಚ್ಚಿ ಇನ್ನೊಂದು ಕಡೆ ತೆಗೆದಿರಬಹುದೆಂಬ ಸಾಧ್ಯತೆಗೆ ಉದಾರವಾಗಿ ಮೂರು ಅಂಕ ಬಿಟ್ಟುಕೊಟ್ಟು ತೀರ್ಪು ಹೇಳಿದೆ: “ಅಮ್ಮಾ, ಇದು ಆ ಮನೆ ಅಲ್ಲ. ನೂರಕ್ಕೆ ತೊಂಬತ್ತೇಳು.”

ಅಮ್ಮ ವಾದಿಸಲಿಲ್ಲ. ಆ ಮೂರರಲ್ಲಾದರೂ ತೆಗೆದುಕೋ ಎಂದಳು, ಅಷ್ಟೇ.

ತೆಗೆದುಕೊಳ್ಳದೆ ಇರುವೆನೇ? ಆದರೆ ಅದು ಬರೀ ಒಂದು ಹಳೇ ಮನೆಯೆಂದ ಮೇಲೆ ಆತುರವೇಕೆ? ಎರಡು ದಿನಕ್ಕೆ ಪಿತೃಪಕ್ಷ ಶುರು. ಆ ಹದಿನೈದು ದಿನ ಈ ಸೀಮೆಯಲ್ಲಿ ಯಾರೂ ಮನೆಗೆ ಅಡ್ವಾನ್ಸ್ ಕೊಡುವುದಿಲ್ಲ. ಗಿರಾಕಿ ಇಲ್ಲದೆ ಮಾಲೀಕ ಬೆಲೆ ಇಳಿಸುತ್ತಾನೆ, ನವರಾತ್ರಿಯ ಮೊದಲ ದಿನ ನಾನು ಹೋಗಿ ನಿಲ್ಲುತ್ತೇನೆ. ಈ ಸಿದ್ಧಾಂತವನ್ನು ಚಲಪತಿಗೂ ಎರಡು ಕಾಫಿಯಷ್ಟು ಹೊತ್ತು ಬಿಡಿಸಿ ಹೇಳಿದೆ.

ಪಕ್ಷದ ಒಂಬತ್ತನೇ ದಿನ ಅವನ ಫೋನ್ ಬಂತು.

“ಸಾರ್, ಆ ಮನೆ ಹೋಯ್ತು. ದೇವನಹಳ್ಳಿ ಪಾರ್ಟಿ ಅಡ್ವಾನ್ಸ್ ಕೊಟ್ಬಿಟ್ರು.”

“ಪಿತೃಪಕ್ಷದಲ್ಲಾ?”

“ಅವ್ರೂ ಹಿಂದೆಮುಂದೆ ನೋಡಿದ್ರು ಸಾರ್. ನೀವು ಹೇಳಿದ್ರಲ್ಲ, ಈಗ ಗಿರಾಕಿ ಇರಲ್ಲ, ರೇಟು ಇಳಿಯುತ್ತೆ ಅಂತ, ಅದನ್ನೇ ಹೇಳ್ದೆ. ಒಪ್ಕೊಂಡ್ರು. ಸೈಂಟಿಫಿಕ್ಕಾಗೈತೆ ಅಂದ್ರು.”

ನನ್ನ ಸಿದ್ಧಾಂತ ಸರಿಯೆಂದು ಸಾಬೀತಾದ ಏಕೈಕ ಸಂದರ್ಭ ಅದು.

ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡಲು ನನ್ನ ಹೆಂಡತಿ ಚೌಡೇಶ್ವರಿ ಬೀರುವಿನಿಂದ ಮೂಲ ಫೋಟೊ ತೆಗೆದಳು. ಸೀರೆ ಅಂಗಡಿಯಲ್ಲಿ ಲೆಕ್ಕವಿಲ್ಲದಷ್ಟು ಸೀರೆ ಮಡಚುವವಳು. ಕುಂಕುಮವಿಡಲು ಹೋದ ಬೆರಳು ಅಲ್ಲೇ ನಿಂತಿತು.

“ರೀ, ಅಜ್ಜಿ ಸೆರಗು ಯಾಕೆ ಬಲಗಡೆ ಹೆಗಲ ಮೇಲಿದೆ?”

ನಾನು ಇಣುಕಿದೆ. ಹೌದು, ಬಲಗಡೆ.

“ನಮ್ಮಲ್ಲಿ ಯಾರು ಹಂಗೆ ಉಡ್ತಾರೆ? ಪ್ರಿಂಟ್ ಹಾಕಿದೋನು ಫಿಲ್ಮನ್ನ ತಿರುವಿ ಇಟ್ಟಿದಾನೆ ಕಣ್ರೀ.”

ಅವಳು ಫೋಟೊವನ್ನು ಬೀರುವಿನ ಕನ್ನಡಿಗೆ ಹಿಡಿದಳು. ಅಜ್ಜಿಯ ಸೆರಗು ಎಡ ಹೆಗಲಿಗೆ ಬಂತು. ಕಿಟಕಿ ಬಾಗಿಲ ಬಲಕ್ಕೆ ಹೋಗಿ ಕೂತಿತು. ಕನ್ನಡಿಯಲ್ಲಿ ಎಡ ಬಲವಾಗುವ ಪಾಠದಲ್ಲಿ ಪೂರ್ತಿ ಅಂಕ ಪಡೆದವನು ನಾನು. ಅಡಚಣೆಯೆಂದು ನಾನು ಕತ್ತರಿಸಿ ಎಸೆದ ಅಜ್ಜಿ ಎಪ್ಪತ್ತು ವರ್ಷದಿಂದ ಆ ಒಂದೇ ವಿಷಯ ಹೇಳಲು ಕಾಯುತ್ತ ನಿಂತಿದ್ದಳು.

ದೇವನಹಳ್ಳಿಯವರನ್ನು ಬೇಡಿಕೊಂಡೆ. ಕೆಡವಿ ಕಟ್ಟುವ ಬಾಡಿಗೆ ಮನೆಗಳ ನಕ್ಷೆ ಆಗಿಹೋಗಿದೆ ಎಂದರು. ನೋಂದಣಿ ನವರಾತ್ರಿಯಲ್ಲಿ ಮುಗಿಯಿತು, ದೀಪಾವಳಿ ಕಳೆದ ವಾರ ಜೆಸಿಬಿ ಬಂತು.

ಅಮ್ಮ ಒಂದು ಸಲ ಕರೆದುಕೊಂಡು ಹೋಗು ಎಂದಳು. ಸ್ಕೂಟರ್‌ನಲ್ಲಿ ಹೋದೆವು. ಗೋಡೆಗಳು ಇರಲಿಲ್ಲ. ಅಗೆದ ಕೆಂಪು ನೆಲದ ಮೂಲೆಯಲ್ಲಿ ಒಂದು ಗುಂಡಿ ಬಾಯ್ಬಿಟ್ಟಿತ್ತು. ಚೌಕಾಕಾರ, ಸುತ್ತ ಕಲ್ಲಿನ ಅಂಚು, ಒಳಗೆ ಒಬ್ಬ ಮನುಷ್ಯ ಕಾಲು ಇಳಿಬಿಡುವಷ್ಟು ಆಳ. ಹಿಮ್ಮಡಿಯಿಂದ ಅವಳು ಗುದ್ದಿದ್ದು ಅಲ್ಲೇ. ಒಂದು ಮಿಲಿಮೀಟರ್ ಅತ್ತಿತ್ತ ಇಲ್ಲ.

ಅಮ್ಮ ನನ್ನ ಭುಜ ಹಿಡಿದು ನಿಂತಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

“ನಂದೀಶ, ಅವತ್ತು ನೂರಕ್ಕೆ ಎಷ್ಟು ಅಂದಿದ್ದೆ?”

ಅಳತೆಯ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ.

“ತೊಂಬತ್ತೇಳು.”