ನಾಲ್ಕು ಹಗ್ಗದ ಎತ್ತು

ಕರಿಬಸವರಾಜನ ಕಷ್ಟ ಶುರುವಾದದ್ದು ಆಸಿಮನ ಎಡಗೈಯಿಂದ.

ಹಗಲೆಲ್ಲ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ಓಡಿಸುತ್ತಿದ್ದ ಕರಿಬಸವರಾಜ, ಮದುವೆ ಸೀಜನ್ ಬಂತೆಂದರೆ ಶಿವಕುಮಾರನ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ. ಅದು ನಾಲ್ಕೇ ತಂತಿಯ ವಾದ್ಯ. ಸ್ಟೇಜಿನ ಹಿಂದೆ ನಿಂತು, ಹಾಡಿಗೆ ಕೆಳಗಿನಿಂದ ಗುಂ ಗುಂ ಎಂದು ಆಸರೆ ಕೊಡುವುದು ಅದರ ಕೆಲಸ. ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದಿದ್ದರೆ ಮಾತ್ರ ಹಾಡು ಕಾಲು ಮುರಿದ ಮಂಚದ ಹಾಗೆ ವಾಲಾಡುತ್ತದೆ. ಲೇತಿನ ಮುಂದೆ ಹತ್ತು ತಾಸು ನಿಂತು ಸತ್ತುಹೋಗಿದ್ದ ಕರಿಬಸವರಾಜ ಜೀವ ಬಂದವನಂತೆ ಕಾಣುತ್ತಿದ್ದುದು ಆ ಸ್ಟೇಜಿನ ಮೇಲೆ ಮಾತ್ರ.

ಶನಿವಾರ ಹರಿಹರದಿಂದ ಶಿವಕುಮಾರ ಫೋನ್ ಮಾಡಿದ.

"ಕರಿಬಸು, ಬೇಜಾರು ಮಾಡ್ಕಾಬ್ಯಾಡ. ನಿನ್ನ ಗಿಟಾರ್ ಡಬ್ ಡಬ್ ಅನ್ನೋದು ಬಿಟ್ರೆ ಬೇರೆ ಏನೂ ಅನ್ನಂಗಿಲ್ಲ. ಆಸಿಮ್ ಕೀಬೋರ್ಡಿನಾಗೆ ಎಡಗೈಲೇ ಬಾಸ್ ನುಡಿಸ್ತಾನಂತೆ. ನಾಳೆ ಸಂಜೆ ರಿಸೆಪ್ಷನ್‌ಗೆ ಚಲೋದೊಂದು ತಂದ್ರೆ ಸರಿ. ಇಲ್ಲಾಂದ್ರೆ ನೀನು ಊಟಕ್ಕಷ್ಟೇ ಬಾ."

ಪಾಪ, ಶಿವಕುಮಾರ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಗಿಟಾರನ್ನು ಕರಿಬಸವರಾಜ ಹತ್ತು ವರ್ಷದಿಂದ ಲೇತನ್ನು ಸಾಕಿದಂತೆಯೇ ಸಾಕಿದ್ದ. ಆಯುಧಪೂಜೆ ಬಂದಾಗಲೆಲ್ಲ ಲೇತಿನ ಪಕ್ಕದಲ್ಲಿ ಅದನ್ನೂ ಇಟ್ಟು ವಿಭೂತಿ ಬಳಿದು, ಕುಂಕುಮ ಹಚ್ಚಿ, ಸ್ಟಿಕ್ಕರ್ ಅಂಟಿಸಿ, ಈಗ ಅದರ ಮೂಲ ಬಣ್ಣ ಯಾವುದೆಂದು ಅವನಿಗೇ ಮರೆತುಹೋಗಿತ್ತು. ಹಿಂಭಾಗದಲ್ಲಿ ಒಮ್ಮೆ ವೆಲ್ಡಿಂಗ್ ಕಿಡಿ ಸಿಡಿದು ಅವರೆಕಾಳಿನಷ್ಟು ಸುಟ್ಟ ಕಲೆಯಿತ್ತು. ತಂತಿಗಳನ್ನಂತೂ ಒಮ್ಮೆಯೂ ಬದಲಿಸಿರಲಿಲ್ಲ. ತುಕ್ಕು ಹಿಡಿಯಬಾರದಲ್ಲ ಎಂದು ತಿಂಗಳಿಗೊಮ್ಮೆ ಅವಕ್ಕೆ ತಪ್ಪದೆ ಲೇತಿನ ಎಣ್ಣೆ ಬಿಡುತ್ತಿದ್ದ.

ಓವರ್‌ಟೈಮ್ ಮಾಡಿ ಕೂಡಿಟ್ಟ ಇಪ್ಪತ್ತೈದು ಸಾವಿರ ಅವನ ಹತ್ತಿರವಿತ್ತು. ಹರಿಹರದಲ್ಲಿ ಹಳೇ ವಾದ್ಯ ಮಾರುವ ಜಮಾಲ್ ಸಾಬರ ಅಂಗಡಿಯಲ್ಲಿ ಒಂದು ಜಪಾನ್ ಬಾಸ್ ಗಿಟಾರ್ ತೂಗುತ್ತಿದ್ದುದನ್ನು ಅವನು ಆರು ತಿಂಗಳಿಂದ ಕಣ್ಣಲ್ಲೇ ತಿನ್ನುತ್ತಿದ್ದ. ಹೊಸದಾದರೆ ಲಕ್ಷದ ಮಾಲು. ಸಾಬರು ಹೇಳುತ್ತಿದ್ದುದು ಮೂವತ್ತೈದು.

ಭಾನುವಾರ ಬೆಳಿಗ್ಗೆ ಸುಮ್ಮನೆ ಗಾಡಿ ಹತ್ತಿ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ತಾಯಿ ಮರುಳಸಿದ್ದಮ್ಮನಿಗೆ ಹೇಳಿದ. ಅವಳು ಬಾಗಿಲಲ್ಲಿ ನಿಂತು ಕೂಗಿದಳು. "ಆರು ತಂತಿ ಗಿಟಾರ್ ಎಂಟು ಸಾವಿರಕ್ಕೆ ಸಿಗ್ತೈತಂತೆ, ನಾಕು ತಂತೀದಕ್ಕೆ ಮೂವತ್ತೈದಾ? ನಿನ್ನ ತಲಿ ಬೋಳಿಸ್ತಾರೆ! ಸೂರಪ್ಪಜ್ಜನ್ನ ಕರ್ಕಂಡು ಹೋಗು!"

ಎದುರುಮನೆಯ ಸೂರಪ್ಪ ಮಾಯಕೊಂಡದ ಕಡೆಯವನು. ಐವತ್ತು ವರ್ಷ ದನದ ಸಂತೆಗಳಲ್ಲಿ ದಲಾಲಿ ಮಾಡಿ, ಈಗ ಮಗನ ಮನೆಯಲ್ಲಿ ಕೆಲಸವಿಲ್ಲದೆ ಕೈ ಪರಚಿಕೊಳ್ಳುತ್ತ ಕೂತಿದ್ದ. ಅವನಿಗೆ ಕೂಗು ಕೇಳಿಸಿದ್ದೇ ತಡ, ಹೆಗಲಿಗೆ ಟವೆಲ್ ಹಾಕಿಕೊಂಡು ಬಂದು, ಬದಲಿಗೆ ಕೊಡಲೆಂದು ಕರಿಬಸವರಾಜ ತಂದಿದ್ದ ಹಳೇ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯ ಹಿಂದೆ ಕೂತೇಬಿಟ್ಟ.

"ಅಜ್ಜಾ, ಇದು ಎತ್ತಲ್ಲ, ಗಿಟಾರು."

"ಯಾವ್ದಾದ್ರೇನೋ? ಕೊಡೋನು ಒಬ್ಬ, ತಗಳ್ಳೋನು ಒಬ್ಬ. ನಡಿ ನಡಿ."

ಜಮಾಲ್ ಸಾಬರು ಆ ಜಪಾನ್ ಗಿಟಾರನ್ನು ಇಳಿಸಿ ಸ್ಪೀಕರಿಗೆ ಜೋಡಿಸಿ ಕೊಟ್ಟರು. ಕರಿಬಸವರಾಜ ದಪ್ಪ ತಂತಿಯನ್ನು ಒಂದೇ ಸಲ ಮೀಟಿದ. ಗುಂಮ್ಮ್ ಎಂದು ಅಂಗಡಿಯ ನೆಲವೇ ನುಡಿದಂತಾಯಿತು. ಅವನ ಎದೆ ತುಂಬಿ ಬಂತು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಮುಖ ಗಂಟು ಹಾಕ್ಕಳ್ಳೋ," ಎಂದು ಸೂರಪ್ಪ ಅವನ ಪಕ್ಕೆ ತಿವಿದ. "ಇಷ್ಟ ಆತು ಅಂತ ತೋರಿಸ್ಕಂಡ್ರೆ ರೇಟ್ ಇಳಿಯಂಗಿಲ್ಲ."

ಆಮೇಲೆ ಅಜ್ಜ ಗಿಟಾರನ್ನು ತಾನೇ ಇಸಿದುಕೊಂಡ. ಬೆನ್ನು ತಟ್ಟಿದ. ತಂತಿ ಬಿಗಿಯುವ ಬಿರಡೆಗಳನ್ನು ಹಲ್ಲು ಎಣಿಸುವಂತೆ ಎಣಿಸಿ, "ನಾಕೇ ಹಲ್ಲು ಉಳಿದಾವೆ. ವಯಸ್ಸಾಗೇತೆ," ಎಂದ. ತಿರುಗಿಸಿ ಹಿಂಭಾಗ ನೋಡಿದವನೇ ಲೊಚಗುಟ್ಟಿದ. ಮರದ ಗೆರೆಗಳು ಅಲ್ಲೊಂದು ಕಡೆ ಉಂಗುರದಂತೆ ಸುತ್ತಿದ್ದವು.

"ಸಾಬ್ರೇ, ಬೆನ್ನ ಮ್ಯಾಲೆ ಸುಳಿ ಐತಲ್ರೀ! ಇಂಥಾ ಸುಳಿ ಇರೋದು ಮನಿಗೆ ಆಗಿಬರಂಗಿಲ್ಲ."

"ಅರೆ ಅಜ್ಜಾರೆ, ಅದು ಮರದ ಸುಳಿ!"

"ಮರದ್ದಾದ್ರೂ ಸುಳಿ ಸುಳೀನೇ. ನಾವು ಎತ್ತಿನ ವ್ಯಾಪಾರದಾರು, ಸುಳಿ ಬಿಟ್ಟು ಮಾತಾಡಂಗಿಲ್ಲ."

ಜಮಾಲ್ ಸಾಬರ ಕಣ್ಣು ಅರಳಿತು. "ಎತ್ತಿನ ವ್ಯಾಪಾರದಾರಾ? ನಮ್ಮ ಅಬ್ಬಾನೂ ಅದೇ ಧಂದಾ ಮಾಡಿದಾರು. ಹಂಗಾರೆ ಬರ್ರಿ ಕೂಡ್ರಿ, ಪಕ್ಕಾ ಎತ್ತಿನ ವ್ಯಾಪಾರಾನೇ ಮಾಡೋಣ. ಹಾಕ್ರಿ ಟವೆಲ್ಲು!"

ಸಂತೆಯಲ್ಲಿ ದನದ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಇಬ್ಬರೂ ಟವೆಲ್ಲಿನ ಕೆಳಗೆ ಕೈ ಇಟ್ಟು, ಒಬ್ಬರ ಬೆರಳನ್ನೊಬ್ಬರು ಹಿಡಿದು ಲೆಕ್ಕ ತಿಳಿಸಬೇಕು. ಮುದುಕರಿಬ್ಬರೂ ಕೂತರು. ಟವೆಲ್ಲಿನ ಕೆಳಗೆ ಏನೋ ಹರಿದಾಡುತ್ತಿತ್ತು. ಸಾಬರು "ತೋಬಾ!" ಎಂದರು. ಅಜ್ಜ ಎದ್ದು ಹೋಗುವಂತೆ ನಟಿಸಿದ, ಆದರೆ ಕೈ ಮಾತ್ರ ಬಿಡಲಿಲ್ಲ. ದುಡ್ಡು ಕೊಡಬೇಕಾದ ಕರಿಬಸವರಾಜನಿಗೆ ಮಾತ್ರ ಏನು ನಡೆಯುತ್ತಿದೆಯೆಂದು ಗೊತ್ತಾಗುತ್ತಿರಲಿಲ್ಲ.

ಅರ್ಧ ತಾಸಿನ ಮೇಲೆ ಅಜ್ಜ ಟವೆಲ್ ಕೊಡವಿ ಎದ್ದ. "ಇಪ್ಪತ್ತೈದು ಸಾವಿರ, ಮ್ಯಾಲೆ ನಿನ್ನ ಹಳೇ ಗಿಟಾರು. ಎಣಿಸು!"

ಕರಿಬಸವರಾಜ ಅಜ್ಜನ ಕಾಲಿಗೆ ಬೀಳುವುದೊಂದು ಬಾಕಿ. ದುಡ್ಡು ಕೊಟ್ಟ, ಹಳೇ ಗಿಟಾರನ್ನೂ ಕೊಟ್ಟ. ಸಾಬರು ಬಿಸ್ಮಿಲ್ಲಾ ಎಂದು ದುಡ್ಡನ್ನು ಕಣ್ಣಿಗೊತ್ತಿಕೊಂಡರು. ಬಳಿಕ ಜಪಾನ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಸಾವಕಾಶವಾಗಿ ಅದರ ನಾಲ್ಕೂ ತಂತಿ ಬಿಚ್ಚತೊಡಗಿದರು.

"ಸಾಬ್ರೇ, ಏನ್ ಮಾಡಾಕತ್ತೀರಿ?"

"ಹಗ್ಗ ಬಿಚ್ಚಾಕತ್ತೀನಿ." ಸಾಬರು ಸೂರಪ್ಪನ ಕಡೆ ತಿರುಗಿದರು. "ಅಜ್ಜಾರೆ, ಟವೆಲ್ ಹಾಕಿದ್ರಿ, ಹಲ್ಲು ಎಣಿಸಿದ್ರಿ, ಸುಳಿ ತೋರ್ಸಿ ರೇಟ್ ಇಳಿಸ್ಕಂಡ್ರಿ. ಈಗ ನೀವೇ ಹೇಳ್ರಿ, ಎತ್ತು ಮಾರಿದಾಗ ಹಗ್ಗ ಯಾರ್ದು?"

ಸೂರಪ್ಪನ ಮುಖ ಬಾಡಿತು. ದನ ಮಾರಿದರೂ ಹಗ್ಗ ಕೊಡಬಾರದು, ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೇ ಅದರ ಹಿಂದೆ ಹೋಗುತ್ತಾಳೆ. ಐವತ್ತು ವರ್ಷ ಇದೇ ಮಾತು ಹೇಳಿ ಸಂತೆಯಲ್ಲಿ ಎಷ್ಟೋ ಜಗಳ ಬಿಡಿಸಿದವನು ಇವತ್ತು ಸುಳ್ಳು ಹೇಳಲಾರ.

"ಮಾರಿದಾವಂದು," ಎಂದ ಸಣ್ಣ ದನಿಯಲ್ಲಿ.

"ಬೇಕಾದ್ರೆ ತಂತಿ ಬ್ಯಾರೆ ಮಾರ್ತೀನಿ. ಇಂಪೋರ್ಟೆಡ್ದು. ನಾಕು ಸಾವಿರ."

ಕರಿಬಸವರಾಜನ ಜೇಬಿನಲ್ಲಿ ಪೆಟ್ರೋಲಿಗೆ ಇಟ್ಟ ನೂರು ರೂಪಾಯಿ ಬಿಟ್ಟರೆ ಬೇರೇನೂ ಇರಲಿಲ್ಲ. ತಂತಿಯಿಲ್ಲದ ಗಿಟಾರ್ ಹಿಡಿದು ಸಂಜೆ ಸ್ಟೇಜು ಹತ್ತುವುದು ಹೇಗೆ? ಕಣ್ಣ ಮುಂದೆ ಆಸಿಮನ ಎಡಗೈ ಕುಣಿಯಿತು. ತಟ್ಟನೆ ಅವನ ತಲೆಗೊಂದು ಉಪಾಯ ಹೊಳೆಯಿತು.

"ಸಾಬ್ರೇ, ಹಳೇ ಗಿಟಾರು ನಾನು ನಿಮಗೆ ಮಾರೀನಲ್ಲ? ಹಂಗಾರೆ ಅದರ ಹಗ್ಗ ನಂದು. ಕೊಡ್ರಿ ಇಲ್ಲಿ!"

"ಭಲೇ ಮಗನೇ!" ಎಂದು ಸೂರಪ್ಪ ತೊಡೆ ತಟ್ಟಿದ. ಸಾಬರೂ ಬಿದ್ದು ಬಿದ್ದು ನಕ್ಕು, ಎಣ್ಣೆ ಜಿನುಗುತ್ತಿದ್ದ ನಾಲ್ಕು ಕರಿ ತಂತಿಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು.

ಮನೆಗೆ ಬಂದವನೇ ಆ ತಂತಿಗಳನ್ನು ಜಪಾನ್ ಗಿಟಾರಿಗೆ ಕಟ್ಟಿ ಬಿಗಿದ. ತಾಯಿ ನಿಂಬೆಹಣ್ಣು ನಿವಾಳಿಸಿದಳು. ನುಡಿಸಿ ನೋಡಲು ಮನೆಯಲ್ಲಿ ಸ್ಪೀಕರ್ ಇರಲಿಲ್ಲ. ಇರಲಿ, ಲಕ್ಷದ ಮಾಲು, ಯಾವ ತಂತಿ ಕಟ್ಟಿದರೇನು ಎಂದು ಅವನು ಧೈರ್ಯ ತಂದುಕೊಂಡ.

ಸಂಜೆ ಕಲ್ಯಾಣಮಂಟಪದ ಸ್ಟೇಜಿನಲ್ಲಿ ವೈರ್ ಸಿಕ್ಕಿಸಿದ. ಶಿವಕುಮಾರ ಕೈಕಟ್ಟಿ ಎದುರಿಗೆ ನಿಂತಿದ್ದ. ಆಸಿಮ್ ಎಡಗೈ ನೆಟಿಗೆ ತೆಗೆಯುತ್ತ ಕೂತಿದ್ದ. ಕರಿಬಸವರಾಜ ಮನೆದೇವರನ್ನು ನೆನೆದು ಮೀಟಿದ.

ಡಬ್.

ಇನ್ನೊಂದು ತಂತಿ ಮೀಟಿದ. ಅದೂ ಡಬ್. ಅದೇ ಹಳೇ, ಚಿರಪರಿಚಿತ, ಎಣ್ಣೆ ಕುಡಿದ ಡಬ್.

"ಥೂ ನಿನ್ನ! ಎಷ್ಟು ಕೊಟ್ಯೋ ಇದಕ್ಕೆ?" ಎಂದು ಶಿವಕುಮಾರ ತಲೆ ಚಚ್ಚಿಕೊಂಡ. "ನೀನು ಹಿಂಗೇ ಏನಾರ ಮಾಡ್ಕಂತೀಯ ಅಂತ ಗೊತ್ತಿತ್ತು. ಹತ್ತು ವರ್ಷ ಜೊತಿಗಿದ್ದೋನ್ನ ಹೊರಗೆ ಹಾಕಾಕೆ ನಂಗೂ ಮನಸಾಗಲಿಲ್ಲ ಮಾರಾಯಾ. ಮಧ್ಯಾಹ್ನ ನಾನೇ ಒಂದು ತಂದೀನಿ. ಹರಿಹರದಾಗೇ ಸಿಕ್ತು. ತಗ, ನುಡಿಸು."

ಚೀಲದಿಂದ ಹೊರಬಂದದ್ದು ಮಿರಿಮಿರಿ ಮಿಂಚುವ ಕಡುನೀಲಿ ಗಿಟಾರು, ಫಳಫಳ ಹೊಳೆಯುವ ನಾಲ್ಕು ತಂತಿ. ಕರಿಬಸವರಾಜ ಕೊರಳಿಗೆ ಹಾಕಿಕೊಂಡು ಮೀಟಿದ. ಗುಂಮ್ಮ್! ಸ್ಟೇಜು ನಡುಗಿತು. ಅಡುಗೆಮನೆಯಿಂದ ಬಾಳೆಎಲೆ ಹೊತ್ತು ಬರುತ್ತಿದ್ದ ಹೆಂಗಸರು ನಿಂತು ತಿರುಗಿ ನೋಡಿದರು. ಆಸಿಮ್ ತನ್ನ ಎಡಗೈಯನ್ನು ಮೆಲ್ಲಗೆ ಜೇಬಿನಲ್ಲಿ ಇಟ್ಟುಕೊಂಡ. ಕರಿಬಸವರಾಜನಿಗೆ ಎಷ್ಟು ಖುಷಿಯಾಯಿತೆಂದರೆ, ಈ ಗಿಟಾರಿನ ಹಿಡಿ ತನ್ನ ಅಂಗೈಗೆ ಅಳತೆ ತೆಗೆದು ಮಾಡಿದಂತಿದೆಯಲ್ಲ ಎಂದು ಆಶ್ಚರ್ಯಪಡುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು.

ಅನುಮಾನ ಬಂದು ಹಿಂಭಾಗ ತಿರುಗಿಸಿದ. ಅವರೆಕಾಳಿನಷ್ಟು ಸುಟ್ಟ ಕಲೆ.

ಜಮಾಲ್ ಸಾಬರು ವಿಭೂತಿ, ಕುಂಕುಮ, ಸ್ಟಿಕ್ಕರನ್ನೆಲ್ಲ ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದು, ಬಿಚ್ಚಿಟ್ಟುಕೊಂಡ ಆ ಇಂಪೋರ್ಟೆಡ್ ತಂತಿಗಳನ್ನು ಇದಕ್ಕೇ ಕಟ್ಟಿ ಮಾರಿದ್ದರು.

"ಹೆಂಗೈತೆ?" ಎಂದ ಶಿವಕುಮಾರ ಹೆಮ್ಮೆಯಿಂದ. "ಹತ್ತು ಸಾವಿರ ಕೊಟ್ಟೀನಿ. ಪ್ರೋಗ್ರಾಮಿಗೆ ಐನೂರರಂಗೆ ನಿನ್ನ ಪಗಾರದಾಗೆ ಮುರ್ಕಂತೀನಿ. ನಿನ್ನ ಹಳೇ ಡಬ್ಬ ನೆನಸ್ಕ, ಎಲ್ಲಿ ಅದು, ಎಲ್ಲಿ ಇದು!"

ಕರಿಬಸವರಾಜ ಬಾಯಿ ತೆರೆದ. ತನ್ನ ಗಿಟಾರನ್ನು ತಾನೇ ಇಪ್ಪತ್ತು ಪ್ರೋಗ್ರಾಮಿನ ದುಡಿಮೆ ಕೊಟ್ಟು ಕೊಳ್ಳುವುದೇ? ಹೇಳಿಬಿಡೋಣ ಎಂದುಕೊಂಡ. ಅಷ್ಟರಲ್ಲಿ ಶಿವಕುಮಾರ ಅಂದ ಮಾತಿನ ಬೆಲೆ ಅವನಿಗೆ ಹೊಳೆಯಿತು. ಇಪ್ಪತ್ತು ಪ್ರೋಗ್ರಾಮು ಎಂದರೆ ಇಪ್ಪತ್ತು ಸಲ ಈ ಸ್ಟೇಜು. ತೆರೆದ ಬಾಯನ್ನು ಮುಚ್ಚಿಕೊಂಡ. ಆಮೇಲೆ ತಡೆಯಲಾರದೆ ನಗತೊಡಗಿದ. ತಂತಿ ಬದಲಿಸಿದ್ದರೆ ಸಾಕಾಗಿತ್ತಲ್ಲ! ಹೋಗಲಿ, ಮನೆಯಲ್ಲಿ ಈಗ ಎರಡು ಗಿಟಾರು. ಇದರ ಬಾಕಿ ತೀರಿದ ಮೇಲೆ ಆ ಜಪಾನಿಗೂ ಹೊಸ ತಂತಿ ಕಟ್ಟಿದರಾಯಿತು. ಇನ್ನು ಮೇಲೆ ಎಣ್ಣೆ ಡಬ್ಬಿಯನ್ನು ಮಾತ್ರ ಶೆಡ್ಡಿನಿಂದ ಮನೆಗೆ ತರಬಾರದು.

ಹಾಡು ಶುರುವಾಯಿತು. ನೆಲದಿಂದಲೇ ಎದ್ದಂತೆ ಗುಂ ಗುಂ ಎಂಬ ನಾದ ಸಭೆಯ ತುಂಬ ಹರಡಿತು. ಜಪಾನ್ ಗಿಟಾರು ಹಿಂದಿನ ಗೋಡೆಗೆ ಒರಗಿ, ನೆಂಟರ ಮನೆಯಲ್ಲಿ ಕುರ್ಚಿ ಸಿಗದವನಂತೆ ನಿಂತಿತ್ತು. ಕರಿಬಸವರಾಜನ ಗಾಡಿಯಲ್ಲೇ ಬಂದು, ಊಟ ಮುಗಿಸಿ ಮುಂದಿನ ಸಾಲಿನಲ್ಲಿ ಕೂತ ಸೂರಪ್ಪ, ಹೆಗಲ ಟವೆಲ್ಲಿನಿಂದ ಬಾಯೊರೆಸಿಕೊಂಡು ಪಕ್ಕದವನ ತೋಳು ಹಿಡಿದೆಳೆದ.

"ಗುಟುರು ಕೇಳ್ರಿ ಅದರದ್ದು! ಸುಳಿ ನೋಡಿ, ಹಲ್ಲು ಎಣಿಸಿ, ನಾನೇ ಕೊಡಿಸಿದ್ದು!"